ಅಳಿಸಿದ ಚಿತ್ರ ಎಲ್ಲಿಗೆ ಹೋಯಿತು?

ಕೊಟ್ಟೂರಿನ ತೇರನ್ನು ವರ್ಷಕ್ಕೆ ಒಮ್ಮೆ ಎಳೆಯುತ್ತಾರೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿದು ಕೆಳಕ್ಕೆ ಧುಮುಕುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಇಂಥ ಗಳಿಗೆಯ ಫೋಟೊ ತೆಗೆದು ಮನೆಗೆ ಬಂದಾಗ, ಕ್ಯಾಮೆರಾದ ಪರದೆಯ ಮೇಲೆ ‘ಕಾರ್ಡ್ ಓದಲು ಆಗುತ್ತಿಲ್ಲ’ ಎಂಬ ಸೂಚನೆ ಕಂಡರೆ ಹೇಗಾಗಬೇಡ! ಇನ್ನೊಮ್ಮೆ ತೆಗೆಯೋಣವೆಂದರೆ ಮುಂದಿನ ವರ್ಷದವರೆಗೆ ಕಾಯಬೇಕು. ಕೆಲವು ಚಿತ್ರಗಳಂತೂ ಕಾದರೂ ಸಿಗುವುದಿಲ್ಲ. 2017ರ ಫೆಬ್ರುವರಿ 21ರಂದು ಕೊಟ್ಟೂರಿನ ಜಾತ್ರೆಯಲ್ಲಿ ತೇರು ಉರುಳಿಬಿದ್ದ ಸಂಗತಿಯನ್ನು ಹಿರಿಯರಿಂದ ಕೇಳಿರಬಹುದು. ಅದೇ ದಿನ, ತೇರು ಇನ್ನೂ ನೆಟ್ಟಗೆ ನಿಂತಿದ್ದಾಗ ಯಾರಾದರೂ ಫೋಟೊ ತೆಗೆದಿದ್ದರೆ, ಆ ಚಿತ್ರವನ್ನು ಇನ್ನು ಯಾರೂ ಎಂದೂ ತೆಗೆಯಲಾರರು.

ಕಾರ್ಡ್ ಕೆಟ್ಟರೆ ಅಥವಾ ತಪ್ಪಿ ಅಳಿಸುವ ಗುಂಡಿ ಒತ್ತಿದರೆ ‘ಫೋಟೊ ಹೋಯಿತು’ ಎನ್ನುತ್ತೇವೆ. ಎಲ್ಲಿಗೆ ಹೋಯಿತು? ಹೆಚ್ಚಿನ ಸಲ ಎಲ್ಲಿಗೂ ಹೋಗಿರುವುದಿಲ್ಲ! ಕಾರ್ಡಿನೊಳಗೇ ಇರುತ್ತದೆ.

ಇದು ಹೇಗೆಂದು ತಿಳಿಯಲು ಕಾರ್ಡಿನ ಒಳಗನ್ನು ನೋಡೋಣ. ಅಲ್ಲಿ ಸಿಲಿಕಾನಿನಿಂದ ಮಾಡಿದ ತೆಳುವಾದ ಬಿಲ್ಲೆ ಇದೆ. ಅದರಲ್ಲಿ ಕೋಟಿಗಟ್ಟಲೆ ಅತಿ ಚಿಕ್ಕ ಕೋಶಗಳಿವೆ. ಪ್ರತಿ ಕೋಶವೂ ಮುಚ್ಚಳ ಬಿಗಿದ ಪುಟ್ಟ ಕೊಡದಂತೆ. ಅದರೊಳಗೆ ಎಲೆಕ್ಟ್ರಾನುಗಳನ್ನು ತುಂಬಬಹುದು, ಖಾಲಿ ಮಾಡಬಹುದು. ಸುತ್ತಲೂ ವಿದ್ಯುತ್ ಹರಿಯಲು ಬಿಡದ ಪದರ ಇರುವುದರಿಂದ, ಕ್ಯಾಮೆರಾ ಆರಿಸಿ ಬ್ಯಾಟರಿ ತೆಗೆದರೂ ಎಲೆಕ್ಟ್ರಾನುಗಳು ಹೊರಗೆ ಹೋಗುವುದಿಲ್ಲ. ತುಂಬಿದೆಯೇ, ಖಾಲಿ ಇದೆಯೇ ಎಂಬುದನ್ನು 0 ಮತ್ತು 1 ಎಂದು ಓದುತ್ತಾರೆ. ಈ ಬಗೆಯ ಸ್ಮರಣೆಯನ್ನು 1980ರ ದಶಕದಲ್ಲಿ ಜಪಾನಿನ ತೋಷಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುವೊಕಾ ರೂಪಿಸಿದರು. ಕೋಶಗಳ ದೊಡ್ಡ ಗುಂಪನ್ನೇ ಒಂದೇ ಸಲಕ್ಕೆ, ಕ್ಯಾಮೆರಾದ ದೀಪ ಮಿಂಚಿದಂತೆ, ಖಾಲಿ ಮಾಡಬಹುದಾದ್ದರಿಂದ ಇದಕ್ಕೆ ‘ಫ್ಲ್ಯಾಶ್’ ಎಂಬ ಹೆಸರು ಬಂತು.

ನೀವು ತೆಗೆದ ಫೋಟೊ ಕಾರ್ಡಿನಲ್ಲಿ ಸಂಖ್ಯೆಗಳ ಉದ್ದನೆಯ ಸಾಲಾಗಿ ಕುಳಿತಿರುತ್ತದೆ. ಪ್ರತಿ ಸಂಖ್ಯೆಯೂ 0ಯಿಂದ 255ರ ಒಳಗಿನದು. 4 ಎಂಬಿ ಗಾತ್ರದ ಫೋಟೊ ಎಂದರೆ ಸುಮಾರು 40 ಲಕ್ಷ ಸಂಖ್ಯೆಗಳು. 32 ಜಿಬಿಯ ಕಾರ್ಡಿನಲ್ಲಿ ಅಂಥ 8000 ಫೋಟೊಗಳು ಹಿಡಿಸುತ್ತವೆ. ಇಷ್ಟರಲ್ಲಿ ಯಾವ ಫೋಟೊ ಎಲ್ಲಿದೆ ಎಂದು ಹುಡುಕುವುದು ಹೇಗೆ? ಅದಕ್ಕೆಂದೇ ಕಾರ್ಡಿನ ಮೊದಲ ಭಾಗದಲ್ಲಿ ಒಂದು ಪಟ್ಟಿ ಇರುತ್ತದೆ. ನಿಮ್ಮ ತರಗತಿಯ ಹಾಜರಿ ಪುಸ್ತಕದಂತೆ ಎಂದುಕೊಳ್ಳಿ. ಫೋಟೊದ ಹೆಸರು, ಅದು ಕುಳಿತ ಜಾಗ ಎಲ್ಲವೂ ಅದರಲ್ಲಿ ದಾಖಲಾಗಿರುತ್ತವೆ.

ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗನ ಹೆಸರಿಗೆ ಗೆರೆ ಎಳೆದರೆ ಅವನು ತರಗತಿಯಿಂದ ಮಾಯವಾಗುತ್ತಾನೆಯೆ? ಇಲ್ಲ, ತನ್ನ ಜಾಗದಲ್ಲೇ ಕುಳಿತಿರುತ್ತಾನೆ. ಫೋಟೊ ಅಳಿಸಿದಾಗ ಕ್ಯಾಮೆರಾ ಮಾಡುವುದೂ ಇಷ್ಟೆ. ಬಹಳಷ್ಟು ಕಾರ್ಡುಗಳಲ್ಲಿ, ಪಟ್ಟಿಯಲ್ಲಿರುವ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ 229 ಎಂಬ ಸಂಖ್ಯೆ ಬರೆದು ‘ಈ ಜಾಗ ಖಾಲಿ’ ಎಂದು ಗುರುತು ಹಾಕುತ್ತದೆ. 40 ಲಕ್ಷ ಸಂಖ್ಯೆಗಳನ್ನು ಒಂದೊಂದಾಗಿ ಒರೆಸುವುದಕ್ಕಿಂತ ಇದು ಎಷ್ಟೋ ಬೇಗ ಆಗುವ ಕೆಲಸ. ಬರೆಯುತ್ತಿರುವಾಗಲೇ ಕಾರ್ಡನ್ನು ಎಳೆದುಬಿಟ್ಟರೆ ಅಥವಾ ಬ್ಯಾಟರಿ ಮುಗಿದರೆ ಹಾಜರಿ ಪುಸ್ತಕದ ಮೇಲೆ ಮಸಿ ಚೆಲ್ಲಿದಂತಾಗುತ್ತದೆ. ಪಟ್ಟಿ ಕೆಡುತ್ತದೆ, ಫೋಟೊಗಳು ಕೆಟ್ಟಿರುವುದಿಲ್ಲ.

ಇದನ್ನು ನೀವೇ ಮಾಡಿ ನೋಡಿ. ಹಾಳೆಯ ಮೇಲೆ ಚೌಕಾಬಾರದ ಮನೆಗಳಂತೆ 24 ಮನೆ ಬರೆದು ಸಂಖ್ಯೆ ಹಾಕಿ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಂಬ ಐದು ಊರುಗಳ ಹೆಸರನ್ನು ಇದೇ ಕ್ರಮದಲ್ಲಿ, ಮನೆಗೆ ಒಂದು ಅಕ್ಷರದಂತೆ, ಪೆನ್ಸಿಲಿನಿಂದ ತುಂಬಿ. ಸರಿಯಾಗಿ 24 ಅಕ್ಷರಗಳಾಗುತ್ತವೆ. ಪ್ರತಿ ಹೆಸರಿನ ಮೊದಲ ಅಕ್ಷರಕ್ಕೆ ಸುತ್ತು ಹಾಕಿ, ಕೊನೆಯ ಅಕ್ಷರಕ್ಕೆ ಅಡಿಗೆರೆ ಎಳೆಯಿರಿ. ಬೇರೆ ಚೀಟಿಯಲ್ಲಿ ‘ಕೂಡ್ಲಿಗಿ 1ರಿಂದ 3, ಕೊಟ್ಟೂರು 4ರಿಂದ 6’ ಎಂದು ಪಟ್ಟಿ ಮಾಡಿ. ಈಗ ಚೀಟಿಯನ್ನು ಹರಿದುಹಾಕಿ, ಹಾಳೆಯನ್ನು ಮಾತ್ರ ಗೆಳತಿಗೆ ಕೊಡಿ. ಆಕೆ ಸುತ್ತು ಹುಡುಕಿ, ಅಡಿಗೆರೆ ಬರುವವರೆಗೆ ಓದುತ್ತಾ ಹೋದರೆ ಐದೂ ಊರುಗಳು ಸಿಗುತ್ತವೆ. ಪಟ್ಟಿ ಬೇಕಾಗಲೇ ಇಲ್ಲ!

ಫೋಟೊ ಮರಳಿ ಪಡೆಯುವ ತಂತ್ರಾಂಶಗಳು ಇದನ್ನೇ ಮಾಡುತ್ತವೆ. ಜೆಪೆಗ್ ಬಗೆಯ ಫೋಟೊಗಳೆಲ್ಲ 255, 216, 255 ಎಂಬ ಸಂಖ್ಯೆಗಳಿಂದಲೇ ಶುರುವಾಗುತ್ತವೆ, 255, 217 ಎಂಬುದರಿಂದ ಮುಗಿಯುತ್ತವೆ. ಹಿಂದೆ ಹಿರಿಯರು ಕಾಗದ ಬರೆಯುವಾಗ ಮೇಲೆ ‘ಶ್ರೀ’ ಹಾಕಿ ಕೆಳಗೆ ರುಜು ಮಾಡುತ್ತಿದ್ದರಲ್ಲ, ಹಾಗೆ. ತಂತ್ರಾಂಶವು ಪಟ್ಟಿಯ ಗೊಡವೆಗೇ ಹೋಗದೆ ಕಾರ್ಡಿನ ಮೊದಲಿನಿಂದ ಕೊನೆಯವರೆಗೆ ಈ ಗುರುತುಗಳನ್ನು ಹುಡುಕುತ್ತದೆ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಬರೆದ ‘ಫೋಟೊರೆಕ್’ ಅಂಥದೊಂದು ತಂತ್ರಾಂಶ. ಅದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು.

ಈಗ ಆಟದ ಎರಡನೆಯ ಭಾಗ. ಊರುಗಳನ್ನು ಅಳಿಸಿದ್ದೇವೆ, ಮನೆಗಳೆಲ್ಲ ಖಾಲಿ ಎಂದು ಭಾವಿಸಿ, 4ನೇ ಮನೆಯಿಂದ ‘ಹೊಸಪೇಟೆ’ ಎಂದು ಬರೆಯಿರಿ. ಒಂದು ಮನೆಯಲ್ಲಿ ಒಂದೇ ಅಕ್ಷರ ಇರಬಹುದು, ಆದ್ದರಿಂದ ಹಳೆಯದನ್ನು ರಬ್ಬರಿನಿಂದ ಒರೆಸಿಯೇ ಹೊಸದನ್ನು ಬರೆಯಬೇಕು. ಕೊಟ್ಟೂರು ಪೂರ್ತಿ ಹೋಯಿತು. ಹಡಗಲಿಯ ನಾಲ್ಕು ಅಕ್ಷರಗಳಲ್ಲಿ ಹೋದದ್ದು ‘ಹ’ ಒಂದೇ. ಆದರೆ ಸುತ್ತು ಇದ್ದದ್ದು ಅದಕ್ಕೇ! ಸುತ್ತು ಹುಡುಕುವ ಗೆಳತಿಗೆ ‘ಡಗಲಿ’ ಸಿಗುವುದಿಲ್ಲ. ಹೊಸ ಫೋಟೊ ಒಂದೇ ಆದರೂ ಹಳೆಯವು ಎರಡು ಹೋದವು.

ಫೋಟೊ ಕಳೆದದ್ದು ತಿಳಿದ ಕೂಡಲೇ ಕ್ಯಾಮೆರಾ ಆರಿಸಿ ಕಾರ್ಡನ್ನು ಹೊರಗೆ ತೆಗೆಯಬೇಕು ಎನ್ನುವುದು ಇದಕ್ಕೇ. ‘ಸರಿಯಾಯಿತೇನೋ ನೋಡೋಣ’ ಎಂದು ಇನ್ನೊಂದು ಫೋಟೊ ತೆಗೆಯುವುದು ಎಲ್ಲರೂ ಮಾಡುವ ಕೆಲಸ, ಎಲ್ಲಕ್ಕಿಂತ ಕೆಟ್ಟ ಕೆಲಸವೂ ಅದೇ. ದೊಡ್ಡ ಗಾತ್ರದ ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಒಂದು ಪುಟ್ಟ ಜಾರುಗುಂಡಿ ಇರುತ್ತದೆ. ಅದನ್ನು ಬೀಗದ ಕಡೆಗೆ ಸರಿಸಿದರೆ ಕ್ಯಾಮೆರಾ, ಕಂಪ್ಯೂಟರುಗಳು ಸಾಮಾನ್ಯವಾಗಿ ಅದರ ಮೇಲೆ ಏನನ್ನೂ ಬರೆಯುವುದಿಲ್ಲ. ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ ಬೇಡ ಎನ್ನಿ. ಆಮೇಲೆ ಕಂಪ್ಯೂಟರ್ ಬಲ್ಲ ದೊಡ್ಡವರ ನೆರವಿನಿಂದ ಕಾರ್ಡಿನ ಎಲ್ಲ ಸಂಖ್ಯೆಗಳನ್ನೂ ಮೊದಲು ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಹುಡುಕಾಟವನ್ನು ಆ ನಕಲಿನ ಮೇಲೆ ನಡೆಸಬೇಕು. ಸಾಯುತ್ತಿರುವ ಕಾರ್ಡನ್ನು ಮತ್ತೆ ಮತ್ತೆ ಓದಿಸುವುದು ಅಪಾಯ. ಸಿಕ್ಕ ಫೋಟೊಗಳನ್ನು ಅದೇ ಕಾರ್ಡಿಗೆ ಉಳಿಸಲೇಬಾರದು. ಏಕೆಂದು ‘ಹೊಸಪೇಟೆ’ ಈಗಾಗಲೇ ಹೇಳಿದೆ.

ಎಲ್ಲ ಸಲವೂ ಗೆಲ್ಲುತ್ತೇವೆ ಎಂದಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಹಕ್ಕಿಗಳ ಚಿತ್ರ ತೆಗೆಯಲು ಹೋದಿರಿ ಎನ್ನಿ. 2024ರಲ್ಲಿ ರಾಮ್ಸರ್ ತಾಣವೆಂದು ಅಂತರರಾಷ್ಟ್ರೀಯ ಮನ್ನಣೆ ಪಡೆದ ಕೆರೆ ಅದು. ಮಸುಕಾದ ಚಿತ್ರಗಳನ್ನು ಅಲ್ಲಲ್ಲೇ ಅಳಿಸುತ್ತಾ ಹೊಸದನ್ನು ತೆಗೆಯುತ್ತಾ ಹೋದರೆ ಕಾರ್ಡಿನ ತುಂಬ ಚಿಕ್ಕ ಚಿಕ್ಕ ಖಾಲಿ ಜಾಗಗಳಾಗುತ್ತವೆ. ಹೊಸ ಫೋಟೊ ತುಂಡುತುಂಡಾಗಿ ಆ ಜಾಗಗಳಲ್ಲಿ ಕೂರುತ್ತದೆ. ಪಟ್ಟಿ ಇದ್ದಾಗ ತುಂಡುಗಳನ್ನು ಜೋಡಿಸುವುದು ಸುಲಭ, ಇಲ್ಲದಿದ್ದರೆ ಒಗಟು. ನಿಮ್ಮ ಹಾಳೆಯಲ್ಲಿ ‘ಹಳ್ಳಿ’ ಎಂಬ ತುಂಡು ಒಂದೇ ಸಿಕ್ಕರೆ ಅದು ಹರಪನಹಳ್ಳಿಯದೋ ಹಗರಿಬೊಮ್ಮನಹಳ್ಳಿಯದೋ ಹೇಳಬಲ್ಲಿರಾ? ಮರಳಿ ಪಡೆದ ಫೋಟೊಗಳಲ್ಲಿ ಕೆಲವು ಮೇಲರ್ಧ ಸರಿಯಿದ್ದು ಕೆಳಗರ್ಧ ಬರೀ ಬೂದು ಬಣ್ಣವಾಗಿರುವುದು ಇದರಿಂದಲೇ. ಇನ್ನು ಸಿಲಿಕಾನ್ ಬಿಲ್ಲೆಯೇ ಒಡೆದಿದ್ದರೆ ತಂತ್ರಾಂಶ ಏನೂ ಮಾಡಲಾರದು.

ಪಟ್ಟಿಯ ತೊಂದರೆ ನಮ್ಮ ಕ್ಯಾಮೆರಾಗಳಿಗೆ ಮಾತ್ರ ಬರುವುದಲ್ಲ. 2004ರ ಜನವರಿಯಲ್ಲಿ ಮಂಗಳ ಗ್ರಹದ ಮೇಲೆ ಇಳಿದ ಅಮೆರಿಕದ ‘ಸ್ಪಿರಿಟ್’ ಗಾಡಿಯಲ್ಲೂ ಫ್ಲ್ಯಾಶ್ ಸ್ಮರಣೆಯೇ ಇತ್ತು. ಇಳಿದು ಮೂರು ವಾರ ತುಂಬುವ ಮೊದಲೇ ಅದು ಸರಿಯಾಗಿ ಮಾತಾಡುವುದನ್ನು ನಿಲ್ಲಿಸಿತು. ತನ್ನಷ್ಟಕ್ಕೆ ತಾನೇ ಮತ್ತೆ ಮತ್ತೆ ಆರಿ ಹೊತ್ತಿಕೊಳ್ಳತೊಡಗಿತು. ಸ್ಮರಣೆಯ ಬಿಲ್ಲೆ ಸರಿಯಾಗಿಯೇ ಇತ್ತು. ಕಡತಗಳು ಹೆಚ್ಚಾಗಿ, ಅವುಗಳ ಪಟ್ಟಿಯನ್ನು ನಿಭಾಯಿಸಲು ಗಾಡಿಯ ಕಂಪ್ಯೂಟರಿಗೆ ಜಾಗ ಸಾಲದಾಗಿತ್ತು. ಫ್ಲ್ಯಾಶ್ ಅನ್ನು ಮುಟ್ಟದೆಯೇ ಎದ್ದೇಳುವಂತೆ ಎಂಜಿನಿಯರುಗಳು ಭೂಮಿಯಿಂದಲೇ ಆಜ್ಞೆ ಕಳಿಸಿದರು. ಬೇಡದ ಕಡತಗಳನ್ನು ತೆಗೆಸಿ, ಸ್ಮರಣೆಯನ್ನು ಹೊಸದಾಗಿ ಅಣಿಗೊಳಿಸಿದರು. ಆಮೇಲೆ ಸ್ಪಿರಿಟ್ 2010ರವರೆಗೂ ಕೆಲಸ ಮಾಡಿತು.

ಇಂದಿನ ಮೊಬೈಲ್ ಫೋನಿನ ಒಳಗಿನ ಸ್ಮರಣೆಯ ಕಥೆ ಸ್ವಲ್ಪ ಬೇರೆ. ಅದರಲ್ಲಿ ಎಲ್ಲವನ್ನೂ ಗುಟ್ಟಿನ ಲಿಪಿಗೆ ಬದಲಿಸಿ ಇಡುತ್ತಾರೆ. ಅಳಿಸಿದ ಜಾಗವನ್ನು ಫೋನೇ ಆಗಾಗ ಗುಡಿಸಿ ಖಾಲಿ ಮಾಡುತ್ತದೆ. ಹೀಗಾಗಿ ಅಲ್ಲಿ ಸುತ್ತು ಹುಡುಕುವ ಉಪಾಯ ಅಷ್ಟಾಗಿ ನಡೆಯದು. ಆದರೆ ಅಳಿಸಿದ ಫೋಟೊಗಳನ್ನು ಹಲವು ಫೋನುಗಳು ಕೆಲವು ದಿನ ಕಸದ ಬುಟ್ಟಿಯ ಗುರುತಿನ ಒಂದು ಜಾಗದಲ್ಲಿ ಇಟ್ಟಿರುತ್ತವೆ. ಮೊದಲು ಅಲ್ಲಿ ನೋಡಿ.

ಅಳಿಸಿದ್ದು ಹೋಗುವುದಿಲ್ಲ ಎಂಬುದಕ್ಕೆ ಇನ್ನೊಂದು ಮುಖವೂ ಇದೆ. ಹಳೆಯ ಕಾರ್ಡನ್ನು ಯಾರಿಗೋ ಕೊಟ್ಟರೆ ಅಥವಾ ಮಾರಿದರೆ, ನೀವು ಅಳಿಸಿದ ಮನೆಯವರ ಚಿತ್ರಗಳನ್ನು ಅವರೂ ಹೊರತೆಗೆಯಬಹುದು! ಕೊಡುವ ಮುನ್ನ ಎಲ್ಲವನ್ನೂ ಅಳಿಸಿ, ಕ್ಯಾಮೆರಾವನ್ನು ಬರಿಯ ಗೋಡೆಯ ಮುಂದೆ ಇಟ್ಟು, ಕಾರ್ಡ್ ಪೂರ್ತಿ ತುಂಬುವವರೆಗೆ ವಿಡಿಯೊ ತೆಗೆಯಿರಿ. ಆಮೇಲೆ ಹುಡುಕಿದವರಿಗೆ ಬಹುಮಟ್ಟಿಗೆ ಗೋಡೆಯೇ ಸಿಗುತ್ತದೆ.