ಕರಿಯ ಮರಳಿ ಬಂದ

ಊರು ಬಿಟ್ಟು ರಾಜಧಾನಿಗೆ ಬಂದು ನೆಲೆಸಿದ ಕನ್ನಡಿಗರಿಗೆ ಇಲ್ಲಿ ಮೊದಲು ಪರಿಚಯವಾದವರು ಯಾರು ಎಂದು ಕೇಳಿದರೆ, ನೆರೆಮನೆಯವರು ಎನ್ನುವವರುಂಟು, ಹಾಲಿನವನು ಎನ್ನುವವರುಂಟು. ನಮ್ಮನ್ನು ಕೇಳಿದರೆ ಬೀದಿಯ ನಾಯಿ ಎನ್ನುತ್ತೇವೆ. ನಾವು ಸಾಮಾನು ಇಳಿಸುತ್ತಿದ್ದ ಮೊದಲ ದಿನ ಹಾಸಿಗೆಯ ಸುರುಳಿಯನ್ನೂ ಒರಳುಕಲ್ಲನ್ನೂ ಮೂಸಿ ನೋಡಿ, ಇವರು ಇನ್ನು ಇಲ್ಲಿಯವರೇ ಎಂದು ತೀರ್ಪು ಕೊಟ್ಟದ್ದು ಗಲ್ಲಿಯ ಮೂಲೆಯಲ್ಲಿ ಮಲಗುತ್ತಿದ್ದ ಒಂದು ಕಪ್ಪು ನಾಯಿ. ನಮಗೆ ಹಿಂದಿ ಬಾರದು, ಅದಕ್ಕೆ ಕನ್ನಡ ಬಾರದು. ಆದರೂ ಒಂದೇ ವಾರದಲ್ಲಿ ನಮ್ಮ ಮಕ್ಕಳು ಅದಕ್ಕೆ ಕರಿಯ ಎಂದು ಹೆಸರಿಟ್ಟು, ರಾತ್ರಿ ಉಳಿದ ಚಪಾತಿಯ ಮೇಲೆ ಅದರ ಹಕ್ಕನ್ನು ಸ್ಥಾಪಿಸಿಬಿಟ್ಟರು.

2025ರ ಆಗಸ್ಟ್ ತಿಂಗಳಲ್ಲಿ ಒಂದು ಬೆಳಗ್ಗೆ ಕರಿಯ ಕಾಣಲಿಲ್ಲ. ನಾಯಿ ಹಿಡಿಯುವ ಗಾಡಿ ಬಂದಿತ್ತೆಂದು ಕಾವಲಿನವನು ಹೇಳಿದ. ಮಕ್ಕಳು ಅನ್ನ ಬಿಟ್ಟು ಅತ್ತರು. ನಾವು ಸಮಾಧಾನಕ್ಕೆಂದು ಮೂರನೆಯ ಮಹಡಿಯ ಧಾರವಾಡದ ಆಯಿಯ ಬಳಿ ವಿಷಯವೆತ್ತಿದೆವು. ಆಯಿ ನಮ್ಮನ್ನೇ ತರಾಟೆಗೆ ತೆಗೆದುಕೊಂಡರು. “ನಾಯಿ ಹೋತಂತ ಅಳಬ್ಯಾಡ್ರೀ. ಹ್ವಾದ ವರ್ಷ ನನ್ನ ಮೊಮ್ಮಗಗ ಕಚ್ಚಿದಾಗ ಯಾರು ಅತ್ತಿದ್ರಿ? ಆ ಹುಡುಗ ಇನ್ನೂ ಒಬ್ಬನ ಬಾಗಲಾ ದಾಟೂದಿಲ್ಲ” ಎಂದರು. ಕಚ್ಚಿದ್ದು ಕರಿಯನಲ್ಲ, ಮಾರುಕಟ್ಟೆಯ ಕಡೆಯ ಇನ್ನೊಂದು ನಾಯಿ. ಆದರೆ ಆ ಹುಡುಗನ ಕಾಲಿನ ಗಾಯದ ಗುರುತನ್ನು ನೋಡಿದವರಿಗೆ ಈ ವ್ಯತ್ಯಾಸವನ್ನು ವಾದಿಸಲು ಬಾಯಿ ಬರುವುದಿಲ್ಲ. ನಾವು ಸುಮ್ಮನೆ ಇಳಿದು ಬಂದೆವು.

ಮಕ್ಕಳ ಅಳುವೂ ಸುಳ್ಳಲ್ಲ, ಆಯಿಯ ಸಿಟ್ಟೂ ಸುಳ್ಳಲ್ಲ. ಹಾಗಾದರೆ ಈ ದೊಡ್ಡ ಊರು ತನ್ನ ನಾಯಿಗಳನ್ನು ವರ್ಷವಿಡೀ ಏನು ಮಾಡುತ್ತದೆ? ಗಾಡಿ ಅವನ್ನು ಎಲ್ಲಿಗೆ ಒಯ್ಯುತ್ತದೆ? ಇದನ್ನು ತಿಳಿಯಬೇಕೆಂದು ಹೊರಟು, ಕೇಳಿ ಓದಿ ನೋಡಿ ತಿಳಿದದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಸ್ವಲ್ಪ ಹಿಂದಿನ ಕಥೆ. ಬ್ರಿಟಿಷರ ಕಾಲದಿಂದಲೂ ನಮ್ಮ ನಗರಸಭೆಗಳಿಗೆ ಗೊತ್ತಿದ್ದದ್ದು ಒಂದೇ ಉಪಾಯ, ಹಿಡಿದು ಕೊಲ್ಲುವುದು. ಮುಂಬಯಿಯಲ್ಲಿ 1832ರಷ್ಟು ಹಿಂದೆಯೇ ನಾಯಿಗಳನ್ನು ಕೊಲ್ಲಹೊರಟದ್ದಕ್ಕೆ ಪಾರಸಿಗಳು ಬೀದಿಗಿಳಿದು ಗಲಭೆಯೇ ನಡೆದುಹೋಯಿತು. ಸ್ವಾತಂತ್ರ್ಯ ಬಂದಮೇಲೆ, ಭರತನಾಟ್ಯಕ್ಕೆ ಮರುಜೀವ ಕೊಟ್ಟ ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಪ್ರಾಣಿಗಳ ಪರವಾಗಿ ಮಸೂದೆ ತಂದರು. ಅದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾನೂನಾಯಿತು. 1962ರಲ್ಲಿ ಪ್ರಾಣಿಕಲ್ಯಾಣ ಮಂಡಳಿ ಮದರಾಸಿನಲ್ಲಿ ಹುಟ್ಟಿತು, ಆಕೆಯೇ ಅದರ ಮೊದಲ ಅಧ್ಯಕ್ಷೆ. ಆ ಮಂಡಳಿ 2018ರಲ್ಲಿ ನಮ್ಮ ನೆರೆಗೇ, ಹರಿಯಾಣದ ಬಲ್ಲಭಗಢಕ್ಕೆ ಬಂದಿತು.

ಕೊಲ್ಲುವುದರಿಂದ ನಾಯಿಗಳು ಕಡಮೆಯಾಗವು, ಸಂತಾನ ನಿಲ್ಲಿಸಿದರೆ ಮಾತ್ರ ಕಡಮೆಯಾಗುತ್ತವೆ ಎಂದು ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆ 1964ರಿಂದ ಹೇಳುತ್ತ ಬಂದಿತು. ಕಾರ್ಪೊರೇಷನ್ ಕಿವಿಗೊಟ್ಟದ್ದು 1996ರ ಹೊತ್ತಿಗೆ. ಕೊನೆಗೆ 2001ರಲ್ಲಿ ಕೇಂದ್ರ ಸರಕಾರ ಇದನ್ನೇ ನಿಯಮವನ್ನಾಗಿ ಮಾಡಿತು. 2023ರಲ್ಲಿ ಆ ನಿಯಮಗಳು ಹೊಸ ರೂಪ ಪಡೆದವು. ನಿಯಮದ ಸಾರ ಇಷ್ಟೆ: ಹಿಡಿಯಿರಿ, ಶಸ್ತ್ರಚಿಕಿತ್ಸೆ ಮಾಡಿರಿ, ಹುಚ್ಚಿನ ಲಸಿಕೆ ಹಾಕಿರಿ, ಹಿಡಿದ ಜಾಗದಲ್ಲೇ ಬಿಡಿರಿ.

“ಮತ್ತೆ ಅಲ್ಲೇ ಬಿಡುವುದಾದರೆ ಹಿಡಿದದ್ದೇಕೆ?” ಎಂದು ಆಯಿ ಕೇಳಿದಂತೆ ಎಲ್ಲರೂ ಕೇಳುತ್ತಾರೆ. ಉತ್ತರ ನಾಯಿಯ ಸ್ವಭಾವದಲ್ಲಿದೆ. ಪ್ರತಿಯೊಂದು ಗಲ್ಲಿಗೂ ಅದರದೇ ನಾಯಿಗಳು, ಅವಕ್ಕೆ ಅವುಗಳದೇ ಸರಹದ್ದು. ಆ ನಾಯಿಗಳನ್ನು ಪೂರಾ ಎತ್ತಿಬಿಟ್ಟರೆ ಗಲ್ಲಿಯ ಕಸವೂ ಎಂಜಲೂ ಹಾಗೆಯೇ ಉಳಿಯುತ್ತವೆ. ಅದನ್ನು ಹುಡುಕಿಕೊಂಡು ಲಸಿಕೆ ಕಾಣದ ಹೊಸ ನಾಯಿಗಳು ಬರುತ್ತವೆ. ಬಂದವು ಕಾದಾಡುತ್ತವೆ, ಮರಿಹಾಕುತ್ತವೆ. ಹೆಣ್ಣುನಾಯಿಯ ಗರ್ಭ ಸುಮಾರು 63 ದಿನಗಳದ್ದು. ಒಂದು ಸೂಲಿಗೆ ನಾಲ್ಕಾರು ಮರಿ. ಚಿಕಿತ್ಸೆ ಆದ ನಾಯಿ ತನ್ನ ಜಾಗವನ್ನು ಕಾಯುತ್ತದೆ, ಮರಿಹಾಕುವುದಿಲ್ಲ. ಗಲ್ಲಿಗೆ ಪುಕ್ಕಟೆಯ ಗೂರ್ಖಾ ಸಿಕ್ಕಂತೆ.

ದಿಲ್ಲಿಯಲ್ಲಿ ಈ ಕೆಲಸ ಕಾರ್ಪೊರೇಷನ್ನಿನದು. ಹೊಸದಿಲ್ಲಿಯ ಮುನಿಸಿಪಲ್ ಕೌನ್ಸಿಲ್ ತನ್ನ ಸರಹದ್ದನ್ನು ಬೇರೆ ನೋಡಿಕೊಳ್ಳುತ್ತದೆ. 2025ರಲ್ಲಿ ಕಾರ್ಪೊರೇಷನ್ನಿಗೆ ಇಂಥ 20 ಕೇಂದ್ರಗಳಿದ್ದವು. ತಿಮಾರ್‌ಪುರ, ರೋಹಿಣಿ, ದ್ವಾರಕಾ, ಬಿಜ್ವಾಸನ್ ಮೊದಲಾದ ಕಡೆಗಳಲ್ಲಿರುವ ಇವುಗಳಲ್ಲಿ ಹೆಚ್ಚಿನವನ್ನು ಸ್ವಯಂಸೇವಾ ಸಂಸ್ಥೆಗಳೊಡನೆ ಕೂಡಿ ನಡೆಸಲಾಗುತ್ತದೆ. ಇವಲ್ಲದೆ 1979ರಿಂದ ಡಿಫೆನ್ಸ್ ಕಾಲನಿಯ ಮೇಲುಸೇತುವೆಯ ಕೆಳಗೆ ಫ್ರೆಂಡಿಕೋಸ್ ಸಂಸ್ಥೆಯ ಆಶ್ರಯಧಾಮವಿದೆ, 1980ರಿಂದ ರಾಜಾ ಗಾರ್ಡನ್ನಿನಲ್ಲಿ ಸಂಜಯ್ ಗಾಂಧಿ ಪ್ರಾಣಿ ಆರೈಕೆ ಕೇಂದ್ರವಿದೆ.

ಕೇಂದ್ರದೊಳಗೆ ನಡೆಯುವುದು ಹೀಗೆ. ನಾಯಿಯನ್ನು ಬಲೆಯಿಂದಲೋ ಪಳಗಿದ ಕೈಗಳಿಂದಲೋ ಹಿಡಿಯಬೇಕು, ಇಕ್ಕಳ ಹಾಕಕೂಡದು. ಯಾವ ಬೀದಿ, ಯಾವ ಮೂಲೆ ಎಂಬುದನ್ನು ಬರೆದು ಚೀಟಿ ಕಟ್ಟಬೇಕು, ಇಲ್ಲವಾದರೆ ಮುನಿರ್ಕಾದ ನಾಯಿ ಮಯೂರ್ ವಿಹಾರಕ್ಕೆ ಹೋದೀತು. ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸ. ಮತ್ತಿನಲ್ಲಿರುವಾಗಲೇ ಒಂದು ಕಿವಿಯ ತುದಿಯಲ್ಲಿ ಸಣ್ಣ ಕತ್ತರಿ ಗುರುತು. ಆಮೇಲೆ ನಾಲ್ಕು ದಿನವಾದರೂ ಆರೈಕೆ, ಹುಚ್ಚಿನ ಲಸಿಕೆ, ಜಂತುಹುಳುವಿನ ಔಷಧ. ಲೆಕ್ಕದಲ್ಲಿ ಮೋಸವಾಗದಂತೆ, ತೆಗೆದ ಅಂಗಗಳನ್ನು ಕಾದಿರಿಸಿ ಮೇಲ್ವಿಚಾರಣಾ ಸಮಿತಿಯವರು ಎಣಿಸಿ ನೋಡಬೇಕೆಂದು ನಿಯಮವಿದೆ. ಓದುವಾಗ ಮುಖ ಸಿಂಡರಿಸುವ ಸಂಗತಿ ನಿಜ. ಆದರೆ ಸಾರ್ವಜನಿಕರ ಹಣದ ಲೆಕ್ಕ ಬೇರೆ ಹೇಗೆ ಸಿಕ್ಕೀತು?

ಇನ್ನು ವರ್ಷದ ಲೆಕ್ಕ. ಕಾರ್ಪೊರೇಷನ್ ಹೇಳಿದಂತೆ 2022-23ರಲ್ಲಿ ಚಿಕಿತ್ಸೆಯಾದ ನಾಯಿಗಳು ಸುಮಾರು 59 ಸಾವಿರ. ಮರುವರ್ಷ ಸುಮಾರು 80 ಸಾವಿರ. 2024-25ರಲ್ಲಿ 1 ಲಕ್ಷ 31 ಸಾವಿರ. ಏರಿಕೆ ಸಂತೋಷದ್ದೇ. ಆದರೆ 2009ರ ಎಣಿಕೆಯಲ್ಲೇ ದಿಲ್ಲಿಯ ಬೀದಿನಾಯಿಗಳು 5 ಲಕ್ಷ 60 ಸಾವಿರದಷ್ಟಿದ್ದವು. ಒಂದು ಊರಿನಲ್ಲಿ ನೂರಕ್ಕೆ 70 ನಾಯಿಗಳಿಗೆ ಲಸಿಕೆಯಾದರೆ ಹುಚ್ಚಿನ ಸರಪಳಿ ಕಡಿಯುತ್ತದೆ ಎಂಬುದು ವೈದ್ಯರ ಲೆಕ್ಕ. ಹಳೆಯ ಎಣಿಕೆಯನ್ನು ಹಿಡಿದರೂ ಅದು 4 ಲಕ್ಷಕ್ಕೆ ಹತ್ತಿರ. ಇಲ್ಲೊಂದು ತೊಡಕೂ ಇದೆ. ಶಸ್ತ್ರಚಿಕಿತ್ಸೆ ಆಯುಸ್ಸಿಗೆ ಒಂದು ಸಲ ಸಾಕು, ಲಸಿಕೆ ಮಾತ್ರ ಕಾಲಕಾಲಕ್ಕೆ ಮರಳಿ ಆಗಬೇಕು. ಕತ್ತರಿಸಿದ ಕಿವಿ ಮೊದಲನೆಯದನ್ನು ಹೇಳುತ್ತದೆ, ಎರಡನೆಯದನ್ನು ಹೇಳುವುದಿಲ್ಲ.

ನಮ್ಮ ನಾಡಿನ ಮಾತು ಬಂದರೆ, ಬೆಂಗಳೂರಿನಲ್ಲಿ 2019ರಲ್ಲಿ 3 ಲಕ್ಷ 10 ಸಾವಿರವಿದ್ದ ಬೀದಿನಾಯಿಗಳು 2023ರ ಎಣಿಕೆಗೆ 2 ಲಕ್ಷ 79 ಸಾವಿರಕ್ಕೆ ಇಳಿದಿದ್ದವು. ಬಿಡದೆ ಮಾಡಿದರೆ ಈ ಕೆಲಸ ಫಲ ಕೊಡುತ್ತದೆ ಎನ್ನುವುದಕ್ಕೆ ತವರಿನದೇ ಸಾಕ್ಷಿ.

ಆಶ್ರಯಧಾಮದ ವರ್ಷಕ್ಕೆ ಅದರದೇ ಪಂಚಾಂಗವಿದೆ. ವೈಶಾಖ ಜ್ಯೇಷ್ಠಗಳ ಬಿಸಿಗಾಳಿಯಲ್ಲಿ ನೀರಿಲ್ಲದೆ ಆಕಾಶದಿಂದ ಹದ್ದುಗಳೇ ಕೆಳಗೆ ಬೀಳುತ್ತವೆ. ಮಳೆ ಹಿಡಿದೊಡನೆ ಹುಳುಬಿದ್ದ ಗಾಯಗಳು. ಆಗಸ್ಟಿನಲ್ಲಿ ಗಾಳಿಪಟ. ಗಾಜಿನ ಪುಡಿ ಬಳಿದ ಮಾಂಜಾ ದಾರ ಪಾರಿವಾಳಗಳ ರೆಕ್ಕೆ ಕೊಯ್ಯುತ್ತದೆ. ದಿಲ್ಲಿಯಲ್ಲಿ ಚೀನಿ ಮಾಂಜಾ 2017ರಲ್ಲೇ ನಿಷಿದ್ಧವಾದರೂ ಕೆಂಪುಕೋಟೆಯ ಎದುರಿನ ಲಾಲ್ ಮಂದಿರದ ಜೈನ ಪಕ್ಷಿ ಆಸ್ಪತ್ರೆಗೆ ಗಾಯಾಳುಗಳು ಬರುವುದು ನಿಂತಿಲ್ಲ. 1957ರಿಂದ ಈಗಿನ ಕಟ್ಟಡದಲ್ಲಿರುವ ಆ ಆಸ್ಪತ್ರೆಯಲ್ಲಿ ಗುಣವಾದ ಹಕ್ಕಿಯನ್ನು ತಂದವರ ಕೈಗೆ ಮರಳಿ ಕೊಡುವುದಿಲ್ಲ, ಆಕಾಶಕ್ಕೆ ಬಿಡುತ್ತಾರೆ. ದೀಪಾವಳಿಗೆ ಪಟಾಕಿಗೆ ಹೆದರಿ ದಾರಿತಪ್ಪಿದ ಸಾಕುನಾಯಿಗಳು. ಚಳಿಗಾಲಕ್ಕೆ ಮರಿಗಳ ಕಾಲ. ಮಂಜಿನಲ್ಲಿ ನಡುಗುವ ಮರಿಗಳಿಗೆ ಬರುವ ಮಾರಿರೋಗಗಳಿಂದಾಗಿ ಬದುಕಿ ಉಳಿಯುವವು ಕೆಲವೇ.

ಕೋತಿಗಳ ಕಥೆ ಬೇರೆಯೇ. ಮಹಡಿಯ ಮೇಲೆ ಸಂಡಿಗೆ ಒಣಹಾಕಿದ ಪ್ರತಿಯೊಬ್ಬ ಕನ್ನಡ ಗೃಹಿಣಿಗೂ ಅದು ಗೊತ್ತು. 2007ರಲ್ಲಿ ಹೈಕೋರ್ಟಿನ ಆಜ್ಞೆಯಂತೆ ಕೋತಿಗಳನ್ನು ಹಿಡಿದು ಅಸೋಲಾ ಭಟ್ಟಿ ಅರಣ್ಯಕ್ಕೆ ಬಿಡುವ ಕೆಲಸ ಶುರುವಾಯಿತು. ಅದೇ ವರ್ಷ ದಿಲ್ಲಿಯ ಉಪಮೇಯರರು ಕೋತಿಗಳನ್ನು ಓಡಿಸಲು ಹೋಗಿ ಮನೆಯ ಮಹಡಿಯಿಂದ ಬಿದ್ದು ತೀರಿಕೊಂಡರು.

ಈಗ ಕರಿಯ ಕಾಣದಾದ ಆಗಸ್ಟಿಗೆ ಬರೋಣ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ದಿಲ್ಲಿ ಮತ್ತು ಸುತ್ತಿನ ಊರುಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಗಳಲ್ಲಿಡಬೇಕು, ಬೀದಿಗೆ ಮರಳಿ ಬಿಡಕೂಡದು ಎಂದು ಆಜ್ಞಾಪಿಸಿತು. ಮಕ್ಕಳ ಸಾವುನೋವುಗಳನ್ನು ಕಂಡು ಕೊಟ್ಟ ಆಜ್ಞೆ, ಅದರ ಹಿಂದಿನ ಸಂಕಟ ನಿಜವಾದದ್ದು. ಆದರೆ ಒಂದು ನಾಯಿಗೆ ದಿನಕ್ಕೆ 40 ರೂಪಾಯಿ ಎಂದು ಹಿಡಿದರೂ, 5 ಲಕ್ಷ 60 ಸಾವಿರಕ್ಕೆ ದಿನಕ್ಕೆ 2 ಕೋಟಿ 24 ಲಕ್ಷ ರೂಪಾಯಿಯಾಗುತ್ತದೆ. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆಜ್ಞೆಯನ್ನು ತಿದ್ದಿತು. ಹುಚ್ಚು ಹಿಡಿದವನ್ನೂ ಮೈಮೇಲೆ ಬೀಳುವವನ್ನೂ ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆ ಮಾಡಿ ಮೊದಲಿನ ಜಾಗಕ್ಕೇ ಬಿಡತಕ್ಕದ್ದು. ಬೀದಿಯಲ್ಲಿ ಕಂಡಕಂಡಲ್ಲಿ ಅನ್ನ ಹಾಕಬಾರದು, ಪ್ರತಿ ವಾರ್ಡಿನಲ್ಲೂ ಅದಕ್ಕೆ ಜಾಗ ಗೊತ್ತುಮಾಡಬೇಕು. ಮುಂದೆ ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಆವರಣಗಳಿಂದ ಹಿಡಿದ ನಾಯಿಗಳನ್ನು ಮಾತ್ರ ಅಲ್ಲಿಗೆ ಮರಳಿ ಬಿಡಬಾರದೆಂದು ಆಜ್ಞೆಯಾಯಿತು.

ಆಯಿಯ ಭಯಕ್ಕೆ ಆಧಾರವಿಲ್ಲವೆ? ಧಾರಾಳವಾಗಿದೆ. 2024ರಲ್ಲಿ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ನಾಯಿಕಡಿತಗಳು ದಾಖಲಾದವೆಂದು ಸರಕಾರವೇ ಸಂಸತ್ತಿಗೆ ತಿಳಿಸಿತು. ಹುಚ್ಚಿನಿಂದ ವರ್ಷಕ್ಕೆ 5,700ರಷ್ಟು ಜನ ಸಾಯುತ್ತಾರೆಂದು ಈಚಿನ ಒಂದು ಅಧ್ಯಯನ ಅಂದಾಜು ಮಾಡಿದೆ. ರೋಗದ ಲಕ್ಷಣ ಕಾಣಿಸಿಕೊಂಡಮೇಲೆ ಮನುಷ್ಯ ಉಳಿಯುವುದಿಲ್ಲವೆಂದೇ ಹೇಳಬೇಕು. ಕಾಣಿಸುವ ಮುನ್ನ ಸರಿಯಾದ ಚಿಕಿತ್ಸೆಯಾದರೆ ಸಾಯಬೇಕಾಗಿಯೇ ಇಲ್ಲ. ಈ ಎರಡು ವಾಕ್ಯಗಳ ನಡುವೆ ಇರುವುದು ನಮ್ಮ ತಿಳಿವಳಿಕೆ ಮಾತ್ರ.

ಆದ್ದರಿಂದ ತಾಯಂದಿರು ಇದನ್ನು ಅಡಿಗೆಮನೆಯ ಗೋಡೆಗೆ ಬರೆದಿಡಬೇಕು. ನಾಯಿ ಕಚ್ಚಿದರೆ, ಪರಚಿದರೂ ಸರಿಯೆ, ಗಾಯವನ್ನು ಕೂಡಲೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಏನನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದೊಳಗೇ ಹಾಕುವ ಇನ್ನೊಂದು ಔಷಧವೂ ಬೇಕು, ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ಹೊಕ್ಕುಳ ಸುತ್ತ 14 ಸೂಜಿ ಎಂಬ ಹಳೆಯ ಭಯವನ್ನು ಹಿರಿಯರು ಬಿಟ್ಟುಬಿಡಬಹುದು. ಕಸೌಲಿಗೋ ಕೂನೂರಿಗೋ ರೈಲು ಹತ್ತುತ್ತಿದ್ದ ಆ ಕಾಲ ಹೋಯಿತು. ಈಗ ತೋಳಿಗೆ ನಾಲ್ಕೈದು ಸೂಜಿ, ಅಷ್ಟೆ. ಆದರೆ ಗೊತ್ತುಮಾಡಿದ ದಿನಗಳಲ್ಲಿ ಒಂದನ್ನೂ ತಪ್ಪಿಸಕೂಡದು. ಮತ್ತೆ, ಮಕ್ಕಳಿಗೆ ಹೇಳಿ: ಕಚ್ಚಿದ್ದನ್ನು ಮುಚ್ಚಿಟ್ಟರೆ ಅಪ್ಪ ಬೈಯುವುದಕ್ಕಿಂತ ದೊಡ್ಡ ಅಪಾಯವಿದೆ.

ಸೆಪ್ಟೆಂಬರಿನ ಮೊದಲ ವಾರ ಸಂಜೆ ಗಲ್ಲಿಯ ಮೂಲೆಯಲ್ಲಿ ಗಾಡಿ ನಿಂತಿತು. ಕರಿಯ ಇಳಿದ. ಸ್ವಲ್ಪ ಬಡವಾಗಿದ್ದ, ಒಂದು ಕಿವಿಯ ತುದಿ ಇಲ್ಲ. ಮಕ್ಕಳು ಓಡಿದರು, ನಾವು ತಡೆದೆವು. ಗಾಯ ಮಾಯುವವರೆಗೆ ದೂರದಿಂದಲೇ ಮಾತು ಎಂದೆವು. ಮೇಲಿನ ಬಾಲ್ಕನಿಯಿಂದ ಆಯಿಯೂ ಮೊಮ್ಮಗನೂ ನೋಡುತ್ತಿದ್ದರು.

ಮರುವಾರ ನಾವೇ ಮೇಲೆ ಹೋಗಿ, ತಿಳಿದದ್ದನ್ನೆಲ್ಲ ಆಯಿಗೆ ಹೇಳಿದೆವು. ಕೊನೆಗೆ ಒಂದು ಒಪ್ಪಂದವಾಯಿತು. ಬಾಗಿಲ ಮುಂದೆ ಚಪಾತಿ ಹಾಕುವುದನ್ನು ನಾವು ನಿಲ್ಲಿಸಿದೆವು. ಆಟದ ಜಾಗದಿಂದ ದೂರ, ಕಾಲನಿಯವರು ಗೊತ್ತುಮಾಡಿದ ಗೋಡೆಯ ಪಕ್ಕ, ಮಕ್ಕಳು ಶಾಲೆಗೆ ಹೋದಮೇಲೆ ಮಾತ್ರ. ಕಿವಿಗುರುತಿಲ್ಲದ ಹೊಸ ನಾಯಿ ಕಂಡರೆ ಕಾರ್ಪೊರೇಷನ್ನಿಗೆ ತಿಳಿಸುವುದು ನಮ್ಮ ಪಾಲಿನ ಕೆಲಸ. ಲಸಿಕೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತಿಡುವುದು ಆಯಿಯ ಪಾಲಿನದು. “ತಾರೀಖು ತಪ್ಪಿತೋ, ನಿಮ್ಮ ಕರಿಯಾನ್ನ ನಾನ ಹಿಡಿಸಿ ಕೊಡ್ತೀನಿ ನೋಡ್ರಿ” ಎಂದರು. ಇಷ್ಟು ಮಾತ್ರಕ್ಕೆ ಮೊಮ್ಮಗನ ಭಯ ಹೋಗಲಿಲ್ಲ. ಆದರೆ ಈಗ ಅವನು ಅಜ್ಜಿಯ ಸೆರಗು ಹಿಡಿದುಕೊಂಡಾದರೂ ಬಾಗಿಲು ದಾಟುತ್ತಾನೆ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಒಂದು ಕಲ್ಲು ಸಿಕ್ಕಿತು. ಗಂಗರ ಬೂತುಗನಿಂದ ಮಣಲೆರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಕಾದಿ ಸತ್ತಾಗ ನಿಲ್ಲಿಸಿದ ಕಲ್ಲು ಅದು. ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರಂತೆ. ನಮ್ಮ ಹಿರಿಯರು ನಾಯಿಗೆ ಕಲ್ಲು ನಿಲ್ಲಿಸಿದವರು. ನಾವು ಅಷ್ಟು ದೊಡ್ಡವರಲ್ಲ. ನಮ್ಮ ಗಲ್ಲಿಯ ನಾಲ್ಕು ನಾಯಿಗಳ ಲಸಿಕೆಯ ದಿನವನ್ನು ನೆನಪಿಟ್ಟುಕೊಂಡರೆ ಸಾಕು. ಮಗುವಿಗೂ ಕ್ಷೇಮ, ಕರಿಯನಿಗೂ ಕ್ಷೇಮ. ನಮ್ಮ ಸಂಘದ ಪ್ರತಿಯೊಂದು ಮನೆಯೂ ತನ್ನ ತನ್ನ ಗಲ್ಲಿಯಲ್ಲಿ ಇಷ್ಟನ್ನು ಮಾಡಬಹುದಲ್ಲವೆ?