ಮಗು ಮಲಗಿತು, ತಾಯಿಗೇಕೆ ನಿದ್ರೆಯಿಲ್ಲ?

ಮನೆಯಲ್ಲಿ ತೊಟ್ಟಿಲು ತೂಗತೊಡಗಿತೆಂದರೆ ತಂದೆತಾಯಿಗಳ ನಿದ್ರೆ ಕೆಡುವುದು ಸಹಜ. ನವಜಾತ ಶಿಶು ದಿನಕ್ಕೆ 14ರಿಂದ 17 ಗಂಟೆ ಮಲಗಿದರೂ ಎರಡು ಮೂರು ಗಂಟೆಗೊಮ್ಮೆ ಹಸಿದು ಏಳುತ್ತದೆ. ಹಗಲಿರುಳುಗಳ ಭೇದವನ್ನು ಅದರ ದೇಹ ಅರಿಯಲು ಸುಮಾರು ಮೂರು ತಿಂಗಳು ಬೇಕು. ಈ ಜಾಗರಣೆಯನ್ನು ಯಾರೂ ರೋಗವೆನ್ನುವುದಿಲ್ಲ. ಆದರೆ ಕೆಲವು ಮನೆಗಳಲ್ಲಿ ಮತ್ತೊಂದು ಸಂಗತಿಯನ್ನು ನಾವು ಕಾಣುತ್ತೇವೆ. ಮಗು ರಾತ್ರಿಯೆಲ್ಲ ಮಲಗುವುದನ್ನು ಕಲಿಯುತ್ತದೆ. ತಾಯಿ ಅದನ್ನು ಮರೆತುಬಿಡುತ್ತಾಳೆ. ದೀಪವಾರಿದ ಮೇಲೂ ಅವಳ ಕಿವಿ ತೊಟ್ಟಿಲ ಕಡೆಗೇ ಇರುತ್ತದೆ. ಕೆಲವೊಮ್ಮೆ ತಂದೆಯ ಪಾಡೂ ಇದೇ.

ನಿದ್ರೆಗೆ ಅವಕಾಶವಿಲ್ಲದಿರುವುದು ಬೇರೆ, ಅವಕಾಶವಿದ್ದರೂ ನಿದ್ರೆ ಬಾರದಿರುವುದು ಬೇರೆ. ಮೊದಲನೆಯದು ದಣಿವು, ಎರಡನೆಯದೇ ನಿದ್ರಾಹೀನತೆ. ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗಿ, ಮೂರು ತಿಂಗಳು ಮುಂದುವರಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎಂದು ಪರಿಗಣಿಸುತ್ತಾರೆ.

ಇದು ಬೇರೂರುವ ಬಗೆಯನ್ನು ಅಮೆರಿಕದ ಮನೋವಿಜ್ಞಾನಿ ಆರ್ಥರ್ ಸ್ಪೀಲ್‌ಮನ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ವಿವರಿಸಿದರು. ವ್ಯಕ್ತಿಯ ಸ್ವಭಾವ ಒಂದು, ನಿದ್ರೆ ಕೆಡಿಸಿದ ಘಟನೆ ಮತ್ತೊಂದು, ಅದನ್ನು ಪೋಷಿಸುವ ಅಭ್ಯಾಸಗಳು ಮೂರನೆಯದು. ಕಡ್ಡಿ ಆರಿದರೂ ಸೌದೆ ಉರಿಯುತ್ತದಲ್ಲವೆ? ಮಗುವಿನ ಅಳು ನಿಂತ ಮೇಲೂ ನಿದ್ರೆ ಬಾರದಿರುವುದಕ್ಕೆ ಈ ಮೂರನೆಯದೇ ಮುಖ್ಯ ಕಾರಣ. ನಿದ್ರೆ ಬಾರದೆಂಬ ಭಯದಿಂದ ಎಂಟಕ್ಕೇ ಹಾಸಿಗೆ ಸೇರುವುದು, ಗಳಿಗೆಗೊಮ್ಮೆ ಗಡಿಯಾರ ನೋಡುವುದು, ಮೊಬೈಲ್ ತೆರೆಯುವುದು, ಮರುದಿನ ಕಾಫಿಯ ಬಲದಿಂದ ನಡೆಯುವುದು, ಇವೆಲ್ಲ ಬೆಂಕಿಗೆ ತುಪ್ಪ.

ಹಾಗಾದರೆ ಮಾಡಬೇಕಾದುದೇನು? ರಿಚರ್ಡ್ ಬೂಟ್ಜಿನ್ ಎಂಬ ಮನೋವಿಜ್ಞಾನಿ 1972ರಲ್ಲಿ ತಿಳಿಸಿದ ನಿಯಮಗಳು ಇಂದಿಗೂ ಮಾನ್ಯವಾಗಿವೆ. ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹೋಗಬೇಕು. ಸುಮಾರು 20 ನಿಮಿಷಗಳಲ್ಲಿ ನಿದ್ರೆ ಬಾರದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಶಾಂತವಾಗಿ ಕುಳಿತಿದ್ದು, ತೂಕಡಿಕೆ ಬಂದಾಗ ಮರಳಬೇಕು. ಗಡಿಯಾರವನ್ನು ಕಣ್ಣಿಗೆ ಕಾಣದಂತೆ ತಿರುಗಿಸಿಡುವುದು ಲೇಸು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ ಆಗಿರಲಿ. ಮಗು ಇನ್ನೂ ರಾತ್ರಿ ಏಳುತ್ತಿರುವಷ್ಟು ಕಾಲ ಮಧ್ಯಾಹ್ನದ ವಿಶ್ರಾಂತಿ ಬೇಕೇ ಬೇಕು. ಅದು ರಾತ್ರಿಯಿಡೀ ಮಲಗತೊಡಗಿದ ಮೇಲೆ ಹಗಲುನಿದ್ರೆಯನ್ನು ಕಡಿಮೆ ಮಾಡಬೇಕು. ಕಾಫಿಯಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕಾದುದರಿಂದ ಮಧ್ಯಾಹ್ನದ ಊಟದ ಬಳಿಕ ಅದನ್ನು ಬಿಡುವುದು ಒಳಿತು. ಈ ಬಗೆಯ ಅಭ್ಯಾಸ ಚಿಕಿತ್ಸೆಯನ್ನೇ ಗುಳಿಗೆಗಿಂತ ಮೊದಲು ಪ್ರಯತ್ನಿಸಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಸಲಹೆ ನೀಡಿತು.

ಆದರೆ ಇಷ್ಟನ್ನೂ ತಾಯಿಯೊಬ್ಬಳ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ನಿದ್ರಿಸುವುದೆಂದರೆ ಕಾವಲನ್ನು ಬಿಟ್ಟುಕೊಡುವುದು. ಅದನ್ನು ವಹಿಸಿಕೊಳ್ಳುವವರು ಇದ್ದಾರೆಂಬ ನಂಬಿಕೆಯಿದ್ದರೆ ಮಾತ್ರ ಕಿವಿ ವಿರಮಿಸುತ್ತದೆ. ತವರಿನ ಬಾಣಂತನದ ಒಳಗುಟ್ಟೂ ಇದೇ. ಎಣ್ಣೆನೀರು, ಪಥ್ಯದಡುಗೆಗಳಷ್ಟೇ ಬಾಣಂತನವಲ್ಲ. ಅಳುವ ಕೂಸನ್ನು ಅಜ್ಜಿ ಎತ್ತಿಕೊಂಡು, ‘ನೀನು ಮಲಗವ್ವಾ’ ಎಂದು ಮಗಳಿಗೆ ಹೇಳುವ ಮಾತೂ ಬಾಣಂತನವೇ. ಪಟ್ಟಣದ ಎರಡು ಕೋಣೆಯ ಮನೆಗೆ ಮರಳಿದಾಗ ಸೊಸೆ ಆ ಮಾತನ್ನೇ ಕಳೆದುಕೊಳ್ಳುತ್ತಾಳೆ. ಅದನ್ನು ಪತಿ ಆಡಬೇಕು. ಒಂಬತ್ತರಿಂದ ಎರಡರವರೆಗೆ ಅವನ ಕಾವಲು, ಬಳಿಕ ಅವಳದು ಎಂದು ಇರುಳನ್ನು ಹಂಚಿಕೊಳ್ಳಬಹುದು. ಹಾಲೂಡಿಸಲು ಅವಳು ಎದ್ದರೂ ತೇಗಿಸುವುದು, ಬಟ್ಟೆ ಬದಲಿಸುವುದು, ತೂಗುವುದು ಅವನಿಂದ ಆಗದ ಕೆಲಸಗಳಲ್ಲ.

‘ನಾವೂ ಹೆತ್ತಿಲ್ಲವೆ, ತಾಯ್ತನವೆಂದರೆ ಹೀಗೆಯೇ’ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಮಗು ಮಲಗಿದ್ದರೂ ತಾಯಿ ಮಲಗದಿರುವುದು, ಅಕಾರಣ ಅಳು, ಮಗುವಿನಲ್ಲಿ ನಿರಾಸಕ್ತಿ, ಅತಿಯಾದ ಭಯ ಕಂಡಲ್ಲಿ ಆ ಸಮಾಧಾನ ಸಾಲದು. ಇವು ಹೆರಿಗೆಯ ನಂತರದ ಖಿನ್ನತೆಯ ಲಕ್ಷಣಗಳಿರಬಹುದು. ಥೈರಾಯ್ಡ್ ತೊಂದರೆಯೂ ನಿದ್ರೆ ಕೆಡಿಸಬಹುದು. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ರೆ ಪೂರ್ತಿ ತಪ್ಪಿ, ಮಾತು ಅಸಂಬದ್ಧವಾದರೆ, ತನಗೋ ಮಗುವಿಗೋ ಕೇಡು ಮಾಡುವ ಮಾತು ಬಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮಾನಸಿಕ ನೆರವಿಗಾಗಿ 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುತ್ತದೆ. ವೈದ್ಯರನ್ನು ಕೇಳದೆ ನಿದ್ರೆಗುಳಿಗೆ ಸಲ್ಲದು. ಹಾಲೂಡಿಸುವ ತಾಯಿಗಂತೂ ಸಲ್ಲವೇ ಸಲ್ಲದು. ಅಂತಹ ಔಷಧ ಸೇವಿಸಿದವರು ಮಗುವನ್ನು ತಮ್ಮ ಹಾಸಿಗೆಯಲ್ಲಿ ಮಲಗಿಸಿಕೊಳ್ಳಬಾರದು.

ಮಗುವಿನ ತೂಕವನ್ನು ನಾವು ತಪ್ಪದೆ ತೂಗಿಸುತ್ತೇವೆ, ಲಸಿಕೆಯ ದಿನವನ್ನು ಗುರುತಿಟ್ಟುಕೊಳ್ಳುತ್ತೇವೆ. ಅದರೊಂದಿಗೆ ‘ರಾತ್ರಿ ನಿನಗೆ ನಿದ್ರೆ ಬಂದಿತೆ?’ ಎಂದು ತಾಯಿಯನ್ನೂ ಕೇಳುವ ರೂಢಿ ನಮ್ಮ ಮನೆಮನೆಗಳಲ್ಲಿ ಬೆಳೆಯಲಿ.