ದನಗಳ ಉಣುಗು ಜ್ವರವೂ ಲಸಿಕೆಯ ಹುಡುಕಾಟವೂ



ಕಳೆದ ಮಳೆಗಾಲದಲ್ಲಿ ನಮ್ಮ ಕೊಟ್ಟಿಗೆಯ ಮಿಶ್ರತಳಿ ಹಸುವೊಂದು ಮೇವು ಬಿಟ್ಟಿತು. ಹಾಲು ಅರ್ಧಕ್ಕಿಳಿಯಿತು, ಸಗಣಿ ಗಟ್ಟಿಯಾಯಿತು. ಅಜೀರ್ಣವಿರಬೇಕೆಂದು ಭಾವಿಸಿ ನಾವು ಮೂರು ದಿನ ಮನೆಮದ್ದಿನಲ್ಲೇ ಕಳೆದೆವು. ನಾಲ್ಕನೆಯ ದಿನ ವಸಡು ಬಿಳಿಚಿ ಹಳದಿಗೆ ತಿರುಗಿದಾಗ ವೈದ್ಯರನ್ನು ಕರೆಸಿದೆವು. ರಕ್ತಪರೀಕ್ಷೆಯಲ್ಲಿ ಅನಾಪ್ಲಾಸ್ಮಾ ಎಂಬ ರೋಗಾಣು ಕಂಡುಬಂತು. ಔಷಧ ಫಲ ಕೊಡುವ ಮೊದಲೇ ಹಸು ಸತ್ತಿತು. ತಡ ಮಾಡಿದ ತಪ್ಪು ನಮ್ಮದೇ. ಅಂದಿನಿಂದ ಹಲವು ಸದಸ್ಯರು, ಈ ಜ್ವರಕ್ಕೊಂದು ಒಳ್ಳೆಯ ಲಸಿಕೆ ಏಕಿಲ್ಲವೆಂದು ಕೇಳುತ್ತಿದ್ದಾರೆ. ತಿಳಿದಷ್ಟನ್ನು ಇಲ್ಲಿ ಹೇಳುತ್ತೇವೆ.

ಈ ಬ್ಯಾಕ್ಟೀರಿಯವನ್ನು 1910ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಅರ್ನಾಲ್ಡ್ ಥೈಲರ್ ಎಂಬ ಪಶುವಿಜ್ಞಾನಿ ಗುರುತಿಸಿದರು. ಕೆಂಪು ರಕ್ತಕಣದ ಅಂಚಿನಲ್ಲಿ ಚುಕ್ಕೆಯಂತೆ ಕಾಣುವುದರಿಂದ ಇದಕ್ಕೆ ಅನಾಪ್ಲಾಸ್ಮಾ ಮಾರ್ಜಿನೇಲ್ ಎಂದು ಹೆಸರು. ಉಣುಗು, ಕಚ್ಚುವ ನೊಣ, ಒಂದೇ ಸೂಜಿಯನ್ನು ಹಲವು ದನಗಳಿಗೆ ಬಳಸುವುದು, ಇವು ರೋಗ ಹರಡುವ ದಾರಿಗಳು. ರೋಗಾಣು ಹೊಕ್ಕ ರಕ್ತಕಣಗಳನ್ನು ದನದ ಗುಲ್ಮವೇ ನಾಶಪಡಿಸುವುದರಿಂದ ರಕ್ತಹೀನತೆಯೂ ಕಾಮಾಲೆಯೂ ಉಂಟಾಗುತ್ತವೆ. ಬೇಬೀಸಿಯಾ ಎಂಬ ಇನ್ನೊಂದು ಉಣುಗು ರೋಗದಲ್ಲಿ ಮೂತ್ರ ಕಾಫಿ ಕಷಾಯದ ಬಣ್ಣಕ್ಕೆ ತಿರುಗುತ್ತದೆ, ಇದರಲ್ಲಿ ಹಾಗಾಗುವುದಿಲ್ಲ.

ಗುಣವಾದ ದನದ ರಕ್ತದಲ್ಲೂ ಈ ರೋಗಾಣು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ದನದ ದೇಹ ಅದನ್ನು ಏಕೆ ಹೊರಹಾಕಲಾರದು? ರೋಗಾಣುವಿನ ಹೊರಪೊರೆಯಲ್ಲಿ ಎಂಎಸ್‌ಪಿ-2 ಎಂಬ ಪ್ರೋಟೀನು ಹೇರಳವಾಗಿದೆ. ಅದನ್ನು ರೂಪಿಸುವ ವಂಶವಾಹಿಯ ಅರೆಬರೆ ತುಣುಕುಗಳನ್ನು ರೋಗಾಣು ತನ್ನೊಳಗೆ ದಾಸ್ತಾನು ಇಟ್ಟುಕೊಂಡು, ಆಗಾಗ ಒಂದನ್ನು ತೆಗೆದು ಇನ್ನೊಂದನ್ನು ಜೋಡಿಸುತ್ತದೆ. ದೇಹವು ಹಳೆಯ ರೂಪವನ್ನು ಗುರುತಿಸುವ ಹೊತ್ತಿಗೆ ಹೊಸ ರೂಪ ಸಿದ್ಧವಾಗಿರುತ್ತದೆ. ಕಾಫಿಯ ಎಲೆ ತುಕ್ಕು ರೋಗ ನಮಗೆ ಕಲಿಸಿದ ಪಾಠವೂ ಇದೇ ತೆರನಾದದ್ದು: ಎಸ್.795 ತಳಿ ಮೊದಲು ರೋಗ ತಡೆದರೂ, ಶಿಲೀಂಧ್ರದ ಹೊಸ ಬಗೆಗಳ ಮುಂದೆ ಸೋತಿತು. ಬದಲಾಗುವ ಭಾಗವನ್ನೇ ನಂಬಿದ ಲಸಿಕೆಯ ಗತಿಯೂ ಹಾಗೆಯೇ.

ಆದುದರಿಂದ ವಿಜ್ಞಾನಿಗಳು ಬದಲಾಗದ ಭಾಗವನ್ನು ಹುಡುಕುತ್ತಿದ್ದಾರೆ. 2005ರಲ್ಲಿ ಅಮೆರಿಕದ ಒಂದು ತಳಿಯ ಸುಮಾರು 12 ಲಕ್ಷ ಅಕ್ಷರಗಳ ವಂಶಲಿಪಿಯನ್ನು ಪೂರ್ಣವಾಗಿ ಓದಲಾಯಿತು. ಬಳಿಕ ಬೇರೆ ತಳಿಗಳನ್ನು ಇದರೊಡನೆ ಹೋಲಿಸಿದಾಗ, ಪೊರೆಯ ಕೆಲವು ಪ್ರೋಟೀನುಗಳು ಎಲ್ಲೆಡೆ ಬಹುಪಾಲು ಒಂದೇ ರೀತಿಯಲ್ಲಿರುವುದು ಕಂಡಿತು. ಜೀವಕೋಶವನ್ನು ಹಿಡಿಯಲು ನೆರವಾಗುವ ಓಎಂಪಿ-ಎ, ಪದಾರ್ಥಗಳನ್ನು ಕೋಶದೊಳಕ್ಕೆ ದಾಟಿಸುವ ಕೊಳವೆಯ ಅಂಗಗಳಾದ ವಿರ್‌ಬಿ-9 ಮತ್ತು ವಿರ್‌ಬಿ-10 ಇಂಥವು. ಕೆಲಸಕ್ಕೆ ಅತ್ಯಗತ್ಯವಾದ ಅಂಗವನ್ನು ಬದಲಿಸಿದರೆ ರೋಗಾಣುವಿಗೇ ಉಳಿವಿಲ್ಲ. ಹೀಗೆಯೇ ಸ್ಥಿರವಾದ ಎಂಎಸ್‌ಪಿ-5 ರೋಗಪತ್ತೆಯ ರಕ್ತಪರೀಕ್ಷೆಗೆ ಆಧಾರವಾಗಿದೆ.

ಥೈಲರ್ ಗುರುತಿಸಿದ ಸೌಮ್ಯ ಸೋದರ ರೋಗಾಣು ಅನಾಪ್ಲಾಸ್ಮಾ ಸೆಂಟ್ರೇಲ್‌ನಿಂದ ತಯಾರಿಸಿದ ಜೀವಂತ ಲಸಿಕೆ ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ಇಸ್ರೇಲ್‌ಗಳಲ್ಲಿ ಬಳಕೆಗೆ ಬಂತು. ಆದರೆ ಅದು ದನದ ರಕ್ತದಿಂದ ತಯಾರಾಗುವುದರಿಂದ ಬೇರೆ ರೋಗಗಳು ಜೊತೆಗೆ ಬರುವ ಭಯವಿದೆ. ರೋಗಾಣುವಿನ ಹೊರಪೊರೆಯನ್ನು ಮಾತ್ರ ಬೇರ್ಪಡಿಸಿ ಚುಚ್ಚಿದ ಪ್ರಯೋಗಗಳಲ್ಲೂ ದನಗಳಿಗೆ ರಕ್ಷಣೆ ದೊರೆತಿದೆ. ಒಂದೆರಡು ಪ್ರೋಟೀನುಗಳಿಂದಲೇ ಅಷ್ಟು ರಕ್ಷಣೆ ದೊರೆತಿಲ್ಲ. ಯಾವ ಸ್ಥಿರ ಪ್ರೋಟೀನುಗಳನ್ನು ಹೇಗೆ ಕೂಡಿಸಬೇಕೆಂಬುದೇ ಇಂದಿನ ಪ್ರಶ್ನೆ.

ಉತ್ತರ ಬರುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಕೆಚ್ಚಲು, ಕಿವಿ, ಬಾಲದ ಬುಡಗಳಲ್ಲಿ ಉಣುಗನ್ನು ನೋಡುತ್ತಿರಬೇಕು. ಉಣುಗಿನ ಔಷಧವನ್ನು ವೈದ್ಯರ ಸಲಹೆಯಂತೆಯೇ ಬಳಸಬೇಕು. ದನಕ್ಕೊಂದು ಹೊಸ ಸೂಜಿ ಇರಲಿ. ಹೊಸದಾಗಿ ಕೊಂಡ ಹಸುವಿನ ರಕ್ತ ಪರೀಕ್ಷಿಸಿಯೇ ಹಿಂಡಿಗೆ ಸೇರಿಸಿ. ಜ್ವರ ಬಂದು ಹಾಲು ಇಳಿದರೆ ಅಂದೇ ವಸಡು ನೋಡಿ, ವೈದ್ಯರನ್ನು ಕರೆಸಿ. ಟೆಟ್ರಾಸೈಕ್ಲಿನ್ ವರ್ಗದ ಔಷಧ ಬೇಗ ಸಿಕ್ಕಿದಷ್ಟೂ ಹಸು ಉಳಿಯುವ ಸಂಭವ ಹೆಚ್ಚು. ರಕ್ತ ಕಡಿಮೆಯಾದ ದನವನ್ನು ಆಸ್ಪತ್ರೆಗೆಂದು ದೂರ ನಡೆಸುವುದೂ ಅಪಾಯ.

ಅಡಿಕೆ ಬುಡಕ್ಕೆ ಗೊಬ್ಬರ, ಮನೆಗೆ ಹಾಲು ಕೊಡುವ ಹಸುವಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಸೇವೆ ಇದು. ನಾವು ಕಳೆದ ಆ ಮೂರು ದಿನಗಳನ್ನು ನೀವು ಕಳೆಯಬೇಡಿ.